ಸೂಜಿಯ ವಿಷಯವಾಗಿ ಕೆಲವು ಮಾತು

ಮಧುಮೇಹಿಗಳ ಪಥ್ಯದ ವಿಷಯವಾಗಿ ಬರೆಯಬೇಕೆಂದು ವಾಚಕರಲ್ಲಿ ಹಲವರು ನಮ್ಮನ್ನು ಕೇಳಿರುವರು. ಬರೆಯಬಾರದೆಂದೇನೂ ಇಲ್ಲ. ಆದರೆ ಮುದ್ದೆಯನ್ನುಣ್ಣಬೇಕೋ ಅನ್ನವನ್ನುಣ್ಣಬೇಕೋ ಎಂಬ ವಾದವು ಇಂದು ಪ್ರತಿಯೊಂದು ಜಗಲಿಯ ಮೇಲೂ ನಡೆಯುತ್ತಲೇ ಇದೆ. ಆ ಗದ್ದಲಕ್ಕೆ ನಮ್ಮದೊಂದು ಕಂಠವನ್ನು ಸೇರಿಸುವುದರಿಂದ ಯಾರಿಗೂ ಲಾಭವಿಲ್ಲ. ಅದಕ್ಕೆ ಬದಲಾಗಿ, ಆ ರೋಗವುಳ್ಳ ಮನೆಗಳಲ್ಲಿ ದಿನಕ್ಕೆ ಎರಡು ಬಾರಿಯೋ ನಾಲ್ಕು ಬಾರಿಯೋ ಕೈಗೆ ಬಂದು ಹೋಗುವ, ಆದರೆ ಯಾರೂ ಮಾತಿಗೆತ್ತಿಕೊಳ್ಳದ ಒಂದು ವಸ್ತುವಿನ ವಿಚಾರವನ್ನು ಈ ತಿಂಗಳು ಬರೆಯುವೆವು. ಅದು ಸೂಜಿ. ರಕ್ತದ ಸಕ್ಕರೆಯನ್ನು ನೋಡುವುದಕ್ಕಾಗಿ ಬೆರಳನ್ನು ಚುಚ್ಚುವ ಸೂಜಿಯೊಂದು. ಇನ್ಸುಲಿನ್ ಎಂಬ ಮದ್ದನ್ನು ಚರ್ಮದ ಕೆಳಗೆ ಬಿಡುವ ಸೂಜಿ ಇನ್ನೊಂದು. ನಾವೇ ಹನ್ನೆರಡು ವರ್ಷಗಳಿಂದ ಮಧುಮೇಹಿಗಳು; ನಾಲ್ಕು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು. ಆದಕಾರಣ ಇಲ್ಲಿ ಬರೆಯುವುದರಲ್ಲಿ ಅರ್ಧವು ವೈದ್ಯರಿಂದ ಕೇಳಿದ್ದು, ಉಳಿದರ್ಧವು ನಮ್ಮ ತಪ್ಪಿನಿಂದ ಕಲಿತದ್ದು. ತಪ್ಪು ಸಣ್ಣದಲ್ಲ, ಅದನ್ನು ಅದರ ಸ್ಥಳದಲ್ಲಿ ಹೇಳುವೆವು.

ಈ ರೋಗವು ನಮ್ಮ ದೇಶಕ್ಕೆ ಹೊಸದೆಂದು ಭಾವಿಸುವವರುಂಟು. ಹಾಗಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಹೇಳುವಾಗ, ರೋಗಿಯ ಶರೀರವನ್ನೂ ಮೂತ್ರವನ್ನೂ ಇರುವೆಗಳೂ ದುಂಬಿಗಳೂ ಬಂದು ಮುತ್ತುವುವೆಂದು ಹೇಳಿದೆ. ರೋಗವನ್ನು ಇಷ್ಟು ಚೆನ್ನಾಗಿ ಕಂಡಿದ್ದರೂ ಇನ್ಸುಲಿನ್ನು ಮಾತ್ರ ೧೯೨೧ರ ವರೆಗೆ ಲೋಕದಲ್ಲಿ ಯಾರ ಕೈಗೂ ಸಿಕ್ಕಿರಲಿಲ್ಲ. ಆ ವರ್ಷ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬ ಇಬ್ಬರು ತರುಣರು ಅದನ್ನು ಹೊರತೆಗೆದರು. ೧೯೨೨ರ ಜನವರಿಯಲ್ಲಿ, ಸಾವಿನ ದಡದಲ್ಲಿದ್ದ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲು ಚುಚ್ಚಲಾಯಿತು. ಆ ಹುಡುಗನು ಮತ್ತೆ ಹದಿಮೂರು ವರ್ಷ ಬದುಕಿದನು. ಅದನ್ನು ಗುಳಿಗೆಯಾಗಿ ನುಂಗಬಾರದೇಕೆಂದು ಕೆಲವರು ಕೇಳುವರು. ಇನ್ಸುಲಿನ್ನು ಪ್ರೋಟೀನಿನ ಜಾತಿಯದು. ಹೊಟ್ಟೆಗೆ ಹೋದರೆ ತೊಗರಿಬೇಳೆಯಂತೆ ಅದೂ ಜೀರ್ಣವಾಗಿಬಿಡುವುದು. ಆದುದರಿಂದಲೇ ಸೂಜಿಯು ಅನಿವಾರ್ಯವಾಯಿತು.

ಸೂಜಿಯ ಮಾತು ಬಂದಾಗ ಸುಶ್ರುತನನ್ನು ಬಿಟ್ಟುಹೋಗಲು ಮನಸ್ಸು ಬಾರದು. ಆತನು ಸೂತ್ರಸ್ಥಾನದಲ್ಲಿ ಇಪ್ಪತ್ತು ಶಸ್ತ್ರಗಳನ್ನು ಎಣಿಸಿ, ಸೂಚಿಯನ್ನೂ ಅವುಗಳೊಡನೆ ಸೇರಿಸಿ, ಶಸ್ತ್ರಕ್ಕೆ ಎಂಟು ದೋಷಗಳನ್ನು ಹೇಳುವನು. ವಕ್ರವಾಗಿರುವುದು, ಮೊಂಡಾಗಿರುವುದು, ಮುರಿದಿರುವುದು, ಅಲಗು ಒರಟಾಗಿರುವುದು, ಅತಿ ದಪ್ಪವಾದದ್ದು, ಅತಿ ಸಣ್ಣದು, ಅತಿ ಉದ್ದವಾದದ್ದು, ಅತಿ ಗಿಡ್ಡವಾದದ್ದು. ಪಾಠಶಾಲೆಯಲ್ಲಿ ನಾವಿದನ್ನು ಅರ್ಥವರಿಯದೆ ಉರುಹೊಡೆದಿದ್ದೆವು. ಅರ್ಥವಾದದ್ದು ನಿವೃತ್ತಿಗೆ ಹಿಂದಿನ ವರ್ಷ, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನಮ್ಮ ಇನ್ಸುಲಿನ್ ಸೂಜಿಯನ್ನೇ ಇಟ್ಟು ನೋಡಿದಾಗ. ಹೊಸ ಸೂಜಿಯ ಮೊನೆಯು ಬರೆಯುವ ಕಂಟದಂತೆ ನೇರವಾಗಿತ್ತು. ನಾಲ್ಕು ದಿನ ಬಳಸಿದ್ದರ ಮೊನೆಯು ಗಿಣಿಯ ಕೊಕ್ಕಿನಂತೆ ಬಾಗಿತ್ತು. ನಾವು ದಿನವೂ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದುದು ಅದನ್ನು! ಸುಶ್ರುತನ ಶಿಷ್ಯನಾಗಿದ್ದರೆ ಅಂದೇ ನಮ್ಮನ್ನು ಗುರುಕುಲದಿಂದ ಹೊರಕ್ಕೆ ಹಾಕುತ್ತಿದ್ದನು.

ಆದರೂ ಅಷ್ಟು ದಿನ ಒಂದೇ ಸೂಜಿಯನ್ನು ಏಕೆ ಬಳಸಿದೆವು? ಜಿಪುಣತನವೆಂದು ನಮ್ಮ ಮನೆಯವರ ಅಭಿಪ್ರಾಯ. ನಾವು ಮಿತವ್ಯಯವೆನ್ನುವೆವು. ಬಾಲ್ಯದಲ್ಲಿ, ಎಂದರೆ ೧೯೭೦ರ ನಂತರದ ವರ್ಷಗಳಲ್ಲಿ, ನಮ್ಮ ಹಳ್ಳಿಯ ಕಾಂಪೌಂಡರು ಗಾಜಿನ ಸಿರಿಂಜನ್ನೂ ಉಕ್ಕಿನ ಸೂಜಿಯನ್ನೂ ಸ್ಪಿರಿಟ್ಟಿನ ದೀಪದ ಮೇಲೆ ಕುದಿಸಿ ಕುದಿಸಿ, ಮೊಂಡಾದರೆ ಸಾಣೆಗೆ ಉಜ್ಜಿ, ಇಡೀ ಊರಿಗೆ ಅವನ್ನೇ ಚುಚ್ಚುತ್ತಿದ್ದರು. ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡಿ, ಹರಿದ ಪಂಚೆಯನ್ನು ಒರಸುವ ಬಟ್ಟೆ ಮಾಡಿ ಬಾಳಿದ ಮಂದಿಗೆ, ಒಂದು ಸಲ ಮುಟ್ಟಿದ ವಸ್ತುವನ್ನು ಎಸೆಯುವುದೆಂದರೆ ಪಾಪವೆಂದೇ ಅನಿಸುವುದು. ಆದರೆ ಆ ಉಕ್ಕಿನ ಸೂಜಿಯನ್ನು ಕುದಿಸುವುದಕ್ಕಾಗಿಯೇ ಮಾಡಿದ್ದರು. ಈಗಿನದನ್ನು ಒಂದು ಬಾರಿಗೆಂದೇ ಮಾಡುವರು. ಕೂದಲಿನಷ್ಟು ಸಣ್ಣ ಮೊನೆ, ಅದರ ಮೇಲೆ ನುಣುಪಿನ ಲೇಪ; ಒಂದು ಸಲಕ್ಕೆ ಲೇಪವು ಹೋಗುವುದು, ಮೊನೆಯು ಕೆಡುವುದು. ಬೆಲೆಯು ಹೋಟೆಲಿನ ಒಂದು ಲೋಟ ಕಾಫಿಯನ್ನು ಮೀರದು. ಅಷ್ಟೂ ಕಷ್ಟವೆನ್ನುವವರು ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಅಗ್ಗದ ದಾರಿಗಳು ಅವರಿಗೆ ಗೊತ್ತಿರುವುವು.

ಈಗ ಬೆರಳಿನ ವಿಚಾರ. ಚುಚ್ಚುವ ಮೊದಲು ಸಾಬೂನು ಹಚ್ಚಿ, ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಚೆನ್ನಾಗಿ ಒರಸಿಕೊಳ್ಳಬೇಕು. ಇದು ಬರಿಯ ಶೌಚಕ್ಕಾಗಿ ಹೇಳಿದ್ದಲ್ಲ. ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ನಮ್ಮ ಮೀಟರು ೩೧೨ ಎಂದು ತೋರಿಸಿತು. ನಾವು ಗಾಬರಿಯಾಗಿ ವೈದ್ಯರಿಗೆ ಫೋನು ಮಾಡಲು ಹೊರಟೆವು. ನಮ್ಮ ಮನೆಯವರು ಒಳಗಿನಿಂದಲೇ, “ಹಲಸಿನ ತೊಳೆ ಬಿಡಿಸಿಕೊಟ್ಟಿರಲ್ಲ, ಕೈ ತೊಳ್ಕೊಂಡ್ರಾ?” ಎಂದು ಕೇಳಿದರು. ತೊಳೆದಿರಲಿಲ್ಲ. ತೊಳೆದು, ಬೇರೆ ಬೆರಳಿನಿಂದ ನೋಡಿದರೆ ೧೪೮. ಮೇಲಿನದೆಲ್ಲ ಹಲಸಿನ ಸಕ್ಕರೆ. ಆ ಮೊದಲಿನ ಅಂಕಿಯನ್ನು ನಂಬಿ ಇನ್ಸುಲಿನ್ನನ್ನು ಹೆಚ್ಚಿಸಿಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಸ್ಪಿರಿಟ್ಟನ್ನು ಒರಸುವವರು ಅದು ಪೂರ್ತಿ ಆರುವ ತನಕ ಕಾಯಬೇಕು.

ಚುಚ್ಚಬೇಕಾದುದು ಬೆರಳ ತುದಿಯ ನಡುವಿನ ಮೆತ್ತೆಗಲ್ಲ, ಅದರ ಪಕ್ಕಕ್ಕೆ. ಮೆತ್ತೆಯಲ್ಲಿ ನೋವು ಹೆಚ್ಚು. ಅಕ್ಕಿ ಆರಿಸುವುದಕ್ಕೂ ಪುಟ ತಿರುವುವುದಕ್ಕೂ ಅದೇ ಬೇಕು. ದಿನಕ್ಕೊಂದು ಬೆರಳಿನಂತೆ ಸರದಿ ಇಟ್ಟುಕೊಳ್ಳುವುದು ಮೇಲು. ರಕ್ತ ಬಾರದಿದ್ದರೆ ಕೈಯನ್ನು ಸ್ವಲ್ಪ ಹೊತ್ತು ಕೆಳಕ್ಕೆ ಇಳಿಬಿಟ್ಟು, ಬುಡದಿಂದ ಮೆಲ್ಲಗೆ ನೀವಬೇಕೇ ಹೊರತು, ನಿಂಬೆಹಣ್ಣನ್ನು ಹಿಂಡುವಂತೆ ತುದಿಯನ್ನು ಹಿಂಡಬಾರದು. ಹಿಂಡಿದರೆ ರಕ್ತದೊಡನೆ ನೀರೂ ಬಂದು ಅಂಕಿಯು ಸುಳ್ಳಾಗುವುದು. ಸ್ಟ್ರಿಪ್ಪಿನ ಡಬ್ಬಿಯನ್ನು ಕೂಡಲೇ ಮುಚ್ಚತಕ್ಕದ್ದು. ಮಳೆಗಾಲದ ತೇವವೂ ಅದಕ್ಕೆ ಶತ್ರು.

ಇನ್ಸುಲಿನ್ನಿನ ವಿಷಯದಲ್ಲಿ ಒಂದು ಲೆಕ್ಕವನ್ನು ಮಾತ್ರ ಎಲ್ಲರೂ ಮಾಡಿನೋಡಲೇಬೇಕೆಂದು ನಮ್ಮ ಹಠ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ನು ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ ೪೦ ಯೂನಿಟ್ ಬಲದ್ದು; ಪೆನ್ನಿನೊಳಗೆ ಬರುವುದು ಸಾಮಾನ್ಯವಾಗಿ ೧೦೦ ಯೂನಿಟ್ ಬಲದ್ದು. ಸಿರಿಂಜುಗಳಲ್ಲಿಯೂ ಅಂತೆಯೇ ಎರಡು ಜಾತಿ: ಕೆಂಪು ಮುಚ್ಚಳದ್ದು ೪೦ಕ್ಕೆ, ಕಿತ್ತಳೆ ಬಣ್ಣದ ಮುಚ್ಚಳದ್ದು ೧೦೦ಕ್ಕೆ. ಹೀಗಿರಲಾಗಿ, ನಮ್ಮ ಹಳೆಯ ಸಹೋದ್ಯೋಗಿಗಳೊಬ್ಬರು ಪೆನ್ನು ಕೆಟ್ಟಿತೆಂದು, ಅದರೊಳಗಿನ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿಗೆ ೨೦ರ ಗೆರೆಯ ತನಕ ಎಳೆದು ಚುಚ್ಚಿಕೊಂಡರು. ನಲವತ್ತಕ್ಕೆ ಒಂದು ಮಿಲಿಲೀಟರಾದರೆ ಇಪ್ಪತ್ತಕ್ಕೆ ಅರ್ಧ. ಆ ಅರ್ಧ ಮಿಲಿಲೀಟರಿನಲ್ಲಿ ನೂರರ ಬಲದ ಮದ್ದು ಎಷ್ಟು? ಐವತ್ತು ಯೂನಿಟ್. ಇಪ್ಪತ್ತು ಬೇಕಾದವರಿಗೆ ಐವತ್ತು! ತ್ರೈರಾಶಿಕವನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವರು ಅವರು. ಒಂದು ಗಂಟೆಯೊಳಗೆ ಬೆವತು, ನಡುಗಿ, ಮಾತು ತೊದಲಿತು. ಸೊಸೆಯು ಜಾಣೆ, ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, ಆಸ್ಪತ್ರೆಗೆ ಕರೆದೊಯ್ದಳು. ಎಚ್ಚರವಿದ್ದವರಿಗೆ ಮಾತ್ರ ಹೀಗೆ ಕುಡಿಸಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಪೆನ್ನಿನ ಮದ್ದನ್ನು ಸಿರಿಂಜಿನಿಂದ ಎಳೆಯಲೇಬಾರದೆಂಬುದು ವೈದ್ಯರ ಕಟ್ಟಪ್ಪಣೆ.

ಚುಚ್ಚುವ ಸ್ಥಳಗಳು ಹೊಟ್ಟೆ, ತೊಡೆಯ ಹೊರಮಗ್ಗುಲು, ಪೃಷ್ಠ, ತೋಳಿನ ಹಿಂಬದಿ. ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಡಬೇಕು. ಹಿಂದಿನ ಸಲ ಚುಚ್ಚಿದಲ್ಲಿಂದ ಒಂದು ಬೆರಳಗಲವಾದರೂ ಸರಿಯಬೇಕು. ಇದನ್ನು ನಾವು ಪಾಲಿಸಲಿಲ್ಲ. ಹೊಕ್ಕುಳಿನ ಎಡಕ್ಕೆ ಒಂದು ಜಾಗದಲ್ಲಿ ನೋವಾಗುತ್ತಿರಲಿಲ್ಲವೆಂದು ಎರಡು ವರ್ಷ ಅಲ್ಲಿಯೇ ಚುಚ್ಚಿಕೊಂಡೆವು. ಅಲ್ಲಿ ಗೋಟಡಕೆಯಷ್ಟು ಗಂಟಾಯಿತು. ಆ ಗಂಟಿನೊಳಗೆ ಬಿಟ್ಟ ಮದ್ದು ಒಂದು ದಿನ ರಕ್ತಕ್ಕೆ ಸೇರುವುದು, ಇನ್ನೊಂದು ದಿನ ಸೇರದು. ಸಕ್ಕರೆಯು ಏರಿಳಿಯುವುದನ್ನು ಕಂಡು ವೈದ್ಯರು ಮದ್ದನ್ನು ಏರಿಸುತ್ತ ಹೋದರು, ನಾವು ಪಥ್ಯವನ್ನು ಬಿಗಿಮಾಡುತ್ತ ಹೋದೆವು. ಗಂಟನ್ನು ಯಾರೂ ಮುಟ್ಟಿ ನೋಡಲಿಲ್ಲ. ಅಂತಹ ಗಂಟಿದ್ದವರು ಜಾಗ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸುವುದು ಅವಶ್ಯ. ಏಕೆಂದರೆ ಒಳ್ಳೆಯ ಚರ್ಮದಲ್ಲಿ ಅದೇ ಪ್ರಮಾಣವು ಹೆಚ್ಚಾಗಿ ಕೆಲಸಮಾಡಿ, ಸಕ್ಕರೆಯು ಅಪಾಯವಾಗುವಷ್ಟು ಇಳಿಯಬಹುದು.

ಪೆನ್ನಿಗೆ ಹೊಸ ಸೂಜಿ ಹಾಕಿದ ಮೇಲೆ ಎರಡು ಯೂನಿಟ್ಟನ್ನು ಗಾಳಿಗೆ ಬಿಟ್ಟು, ಹನಿ ಬರುವುದೇ ಎಂದು ನೋಡತಕ್ಕದ್ದು. ನಾಲ್ಕು ಮಿಲಿಮೀಟರಿನ ಸೂಜಿಯು ದೊಡ್ಡವರಿಗೆ ಸಾಕು. ನೇರವಾಗಿ ಚುಚ್ಚಿ, ಗುಂಡಿಯನ್ನು ಪೂರ್ತಿ ಒತ್ತಿ, ಹತ್ತು ಎಣಿಸಿ ತೆಗೆಯಬೇಕು. ಉಜ್ಜಬಾರದು. ಹಾಲಿನಂತೆ ಕದಡಿರುವ ಜಾತಿಯ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ತಲೆಕೆಳಗು ಮಾಡಬೇಕು. ಮಜ್ಜಿಗೆ ಕಡೆದಂತೆ ಕುಲುಕಬಾರದು. ತೆರೆಯದ ಸೀಸೆಗಳು ತಂಗಳುಪೆಟ್ಟಿಗೆಯಲ್ಲಿರಲಿ, ಆದರೆ ಮಂಜುಗಡ್ಡೆಯ ಖಾನೆಯಲ್ಲಲ್ಲ. ಬಳಕೆಯಲ್ಲಿರುವುದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು, ಸೆಕೆಯು ೩೦ ಡಿಗ್ರಿಗೆ ಮೀರದಿದ್ದರೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಮೀರುವುದೇ ನಿಯಮ. ಅಲ್ಲಿಯವರು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಡೆ ಮದ್ದನ್ನಿಡುವುದು ಒಳ್ಳೆಯ ಉಪಾಯ.

ಇನ್ನು ನಮ್ಮ ತಪ್ಪು. ಬೆಳಗಿನ ಹೊತ್ತು ನಮ್ಮೊಡನೆ ಅಡ್ಡಾಡುವ ಮಿತ್ರರು ಐವರಿದ್ದಾರೆ. ಅವರಲ್ಲಿ ಕೆಲವರಿಗೆ ಸಕ್ಕರೆಯುಂಟು, ಉಳಿದವರಿಗೆ ಸಂದೇಹವುಂಟು. ಭಾನುವಾರ ಅಡ್ಡಾಟ ಮುಗಿಸಿ ನಮ್ಮಲ್ಲಿ ಕಾಫಿ ಕುಡಿಯುವ ಮುನ್ನ ಎಲ್ಲರೂ ನಮ್ಮ ಮೀಟರಿನಲ್ಲಿ ಸಕ್ಕರೆಯನ್ನು ನೋಡಿಕೊಳ್ಳುವುದು ಎಂಟು ತಿಂಗಳಿನಿಂದ ವಾಡಿಕೆಯಾಗಿತ್ತು. ಮನೆಗೆ ಬಂದವರಿಗೆ ಉಪಚಾರ ಮಾಡಿದೆವೆಂಬ ಹೆಮ್ಮೆಯೂ ನಮಗಿತ್ತು. ಲ್ಯಾನ್ಸೆಟ್ ಎನ್ನುವ ಪುಟ್ಟ ಸೂಜಿಯನ್ನು ಒಬ್ಬೊಬ್ಬರಿಗೂ ಬದಲಾಯಿಸುತ್ತಿದ್ದೆವು, ಆದುದರಿಂದ ನಿಶ್ಚಿಂತೆ. ಆದರೆ ಸೂಜಿಯನ್ನು ತೊಡಿಸುವ ಚುಚ್ಚುವ ಪೆನ್ನು ಎಲ್ಲರಿಗೂ ಒಂದೇ. ಅದರ ಬಾಯಿಯು ಪ್ರತಿಯೊಬ್ಬರ ಬೆರಳಿಗೂ ಒತ್ತುವುದು, ಕಣ್ಣಿಗೆ ಕಾಣದಷ್ಟು ರಕ್ತವು ಅಲ್ಲಿ ಉಳಿಯುವುದು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ ವಿಷಾಣುವು ಹೊರಗಡೆ ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಿರಬಲ್ಲುದು. ಇದು ನಮಗೆ ತಿಳಿದಿರಲಿಲ್ಲ. ಬಳಸಿದ ಲ್ಯಾನ್ಸೆಟ್ಟುಗಳನ್ನು ಏನು ಮಾಡುತ್ತಿದ್ದೆವು? ಕಾಫಿಪುಡಿಯ ಖಾಲಿ ಪೊಟ್ಟಣಕ್ಕೆ ಹಾಕಿ, ಕಸದ ಕವರಿಗೆ ಸೇರಿಸುತ್ತಿದ್ದೆವು.

ಒಂದು ಸೋಮವಾರ ಬೆಳಗ್ಗೆ, ನಮ್ಮ ಬೀದಿಯ ಕಸವನ್ನೊಯ್ಯುವ ಹೆಂಗಸು ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಕವರ್‌ನಾಗೆ ಸೂಜಿ ಐತೆ, ಕೈಗೆ ಚುಚ್ಕೊಂತು ನೋಡಿ” ಎಂದಳು. ಹೆಬ್ಬೆರಳಿನಲ್ಲಿ ಸಾಸಿವೆಯಷ್ಟು ರಕ್ತ. ಕೈಚೀಲ ಹಾಕಿರಲಿಲ್ಲವೇ ಅಮ್ಮಾ ಎಂದು ಕೇಳಿದೆವು. ಹರಿದು ಎರಡು ತಿಂಗಳಾಯಿತೆಂದಳು. ಬೆರಳನ್ನು ಹಿಂಡಿ ರಕ್ತವನ್ನು ಹೊರಹಾಕೋಣವೆಂದು ನಾವು, ಅರಿಸಿನವನ್ನು ಒತ್ತೋಣವೆಂದು ನಮ್ಮ ಮನೆಯವರು. ಎದುರುಮನೆಯ ನರ್ಸಮ್ಮನವರು ಓಡಿಬಂದು ಎರಡನ್ನೂ ತಡೆದರು. ಹಿಂಡಬಾರದು, ಬಾಯಿಗಿಡಬಾರದು, ಏನನ್ನೂ ಮೆತ್ತಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದರು. ಆಟೋ ಮಾಡಿಕೊಂಡು ಮೂವರೂ ಹೋದೆವು.

ವೈದ್ಯರು ಕೇಳಿದ ಮೊದಲ ಪ್ರಶ್ನೆಯು, “ಸೂಜಿ ಯಾರದು?” ಎಂಬುದು. ಮೂವತ್ತೈದು ವರ್ಷ ಪ್ರಶ್ನೆ ಕೇಳಿದ ನಮಗೆ ಉತ್ತರ ಬರಲಿಲ್ಲ. ನಮ್ಮದಿರಬಹುದು, ಐವರಲ್ಲಿ ಯಾರದ್ದಾದರೂ ಇರಬಹುದು. ರೋಗವಿರುವವರ ರಕ್ತವಾದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಂಟುವ ಸಂಭವವು ನೂರಕ್ಕೆ ಮೂವತ್ತರ ತನಕ ಉಂಟೆಂದೂ, ಎಚ್‌ಐವಿ ಅಂಟುವ ಸಂಭವವು ಸಾವಿರಕ್ಕೆ ಮೂರರಷ್ಟೆಂದೂ, ಅದಕ್ಕೆ ೭೨ ಗಂಟೆಗಳೊಳಗೆ ಗುಳಿಗೆಯನ್ನು ಆರಂಭಿಸಬೇಕೆಂದೂ ಅವರು ವಿವರಿಸಿದರು. ಆಕೆಗೆ ಯಾವ ಲಸಿಕೆಯೂ ಆಗಿರಲಿಲ್ಲ. ಅಂದೇ ಮೊದಲ ಲಸಿಕೆ ಹಾಕಿ ಗುಳಿಗೆಯನ್ನು ಆರಂಭಿಸಿದರು. ನಮ್ಮ ರಕ್ತವನ್ನು ಅಲ್ಲಿಯೇ ಕೊಟ್ಟೆವು. ಬಳಿಕ ಐದು ಮನೆಗಳ ಮೆಟ್ಟಿಲು ಹತ್ತಿ, ರಕ್ತ ಕೊಡಬೇಕೆಂದು ಕೈಮುಗಿಯಬೇಕಾಯಿತು. ನಾಲ್ವರು ಅಂದೇ ಬಂದರು. ಐದನೆಯವರು, “ನಮ್ಮ ವಂಶದಲ್ಲಿ ಅಂಥಾ ಕಾಯಿಲೆ ಇಲ್ಲ, ಕಸದವಳಿಗೋಸ್ಕರ ನನ್ನ ಪರೀಕ್ಷೆಯೆ?” ಎಂದು ಬಾಗಿಲು ಹಾಕಿಕೊಂಡರು. ಅವರ ಮಗಳು ಹೇಳಿ ಒಪ್ಪಿಸುವುದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನವೂ ಆ ಹೆಂಗಸು ಗುಳಿಗೆಯಿಂದ ಓಕರಿಕೆ ಬಂದು ಕೆಲಸಕ್ಕೆ ಹೋಗಲಾರದೆ ಮಲಗಿದ್ದಳು. ಕೂಲಿಯ ಹಣವನ್ನು ನಾವು ಕೊಡಹೋದಾಗ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯವರು ಹೇಗೋ ಒಪ್ಪಿಸಿ ಕೊಟ್ಟರಂತೆ.

ಎಚ್‌ಐವಿ ಯಾರಲ್ಲಿಯೂ ಇರಲಿಲ್ಲ. ವೈದ್ಯರು ಗುಳಿಗೆಯನ್ನು ನಿಲ್ಲಿಸಿದರು. ಆದರೆ ಒಬ್ಬರ ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡುಬಂದಿತು. ಯಾರದ್ದೆಂದು ವೈದ್ಯರು ನಮಗೆ ಹೇಳಲಿಲ್ಲ. ಆ ಮಿತ್ರರೇ ಒಂದು ಸಂಜೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತು, ತಾವೇ ಹೇಳಿದರು. ಕೋಪಗೊಂಡಿದ್ದವರಲ್ಲ, ಎಲ್ಲರಿಗಿಂತ ಮೊದಲು ಬಂದು ರಕ್ತ ಕೊಟ್ಟವರು. ಎಷ್ಟು ವರ್ಷಗಳಿಂದ ಅದು ತಮ್ಮ ಮೈಯಲ್ಲಿತ್ತೋ ಅವರಿಗೇ ತಿಳಿಯದು. ಆ ಹೆಂಗಸಿಗೆ ಲಸಿಕೆಯ ಜೊತೆಗೆ ಇಮ್ಯೂನೊಗ್ಲಾಬ್ಯುಲಿನ್ ಎಂಬ ಬೇರೊಂದು ಮದ್ದನ್ನೂ ಚುಚ್ಚಿದರು. ಎಂಟು ತಿಂಗಳು ಒಂದೇ ಪೆನ್ನಿಗೆ ಬೆರಳೊಡ್ಡಿದ ಉಳಿದ ಐವರೂ, ಎಂದರೆ ನಾವೂ ಸೇರಿ, ಮತ್ತೆ ಮತ್ತೆ ಪರೀಕ್ಷೆಗೆ ಹೋಗುತ್ತ ಲಸಿಕೆಯನ್ನು ತೆಗೆದುಕೊಳ್ಳುತ್ತಿದ್ದೇವೆ. ಇದುವರೆಗೆ ಯಾರಿಗೂ ಅಂಟಿದಂತೆ ಕಂಡಿಲ್ಲ. ಆ ಮಿತ್ರರು ಈಗ ಯಕೃತ್ತಿನ ವೈದ್ಯರಲ್ಲಿ ತೋರಿಸಿಕೊಳ್ಳುತ್ತಿದ್ದಾರೆ. ಭಾನುವಾರದ ಕಾಫಿಗೂ ತಪ್ಪದೆ ಬರುತ್ತಾರೆ. ಒಂದೇ ಪಂಕ್ತಿಯಲ್ಲಿ ಉಂಡರೆ, ಕೈ ಹಿಡಿದರೆ, ಲೋಟ ಮುಟ್ಟಿದರೆ ಅಂಟುವ ರೋಗ ಅದಲ್ಲ. ಮೀಟರನ್ನು ಮಾತ್ರ ಈಗ ಅವರವರು ತಮ್ಮ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದಾರೆ.

ಸೂಜಿಗಳನ್ನು ಈಗ ಏನು ಮಾಡುತ್ತೇವೆಂದು ವಾಚಕರು ಕೇಳುವರಷ್ಟೆ. ಪಾತ್ರೆ ತೊಳೆಯುವ ದ್ರವದ ಖಾಲಿ ಡಬ್ಬಿ, ಗಟ್ಟಿ ಪ್ಲಾಸ್ಟಿಕ್ಕಿನದು, ತಿರುಗಿಸುವ ಮುಚ್ಚಳದ್ದು. ಕುಡಿಯುವ ನೀರಿನ ತೆಳು ಬಾಟಲಿಯಾಗದು. ಮೊನೆಯು ಹೊರಕ್ಕೆ ಬರುವುದು. ಚುಚ್ಚಿದ ಕೂಡಲೇ, ಎರಡು ಕೈಗಳಿಂದ ಮುಚ್ಚಳ ಹಾಕುವ ಸಾಹಸ ಮಾಡದೆ, ಸೂಜಿಯನ್ನು ನೇರವಾಗಿ ಅದರೊಳಗೆ ಹಾಕುವುದು. ಪೆನ್ನಿನ ಸೂಜಿಗಾದರೆ ಅದರ ದೊಡ್ಡ ಹೊರಮುಚ್ಚಳವನ್ನು ಒಂದೇ ಕೈಯಿಂದ ಎತ್ತಿ ತಿರುಗಿಸಿ ತೆಗೆಯುವುದು. ಮುಕ್ಕಾಲು ಭಾಗ ತುಂಬಿದ ಮೇಲೆ ಮುಚ್ಚಳವನ್ನು ಬಿಗಿಮಾಡಿ, ಮೇಲೆ “ಸೂಜಿ” ಎಂದು ದಪ್ಪಕ್ಷರದಲ್ಲಿ ಬರೆಯುವುದು. ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕರವಾದ ಕಸದಲ್ಲಿ ಸೇರಿಸಿ ಬೇರೆಯಾಗಿಯೇ ಕೊಡಬೇಕೆಂದು ೨೦೧೬ರ ಘನತ್ಯಾಜ್ಯ ನಿಯಮಗಳಲ್ಲಿಯೇ ಬರೆದಿತ್ತು. ನಾವು ಆ ನಿಯಮವನ್ನು ಓದಿದ್ದು ಈ ಘಟನೆಯಾದ ಮೇಲೆ. ನಮ್ಮ ಡಬ್ಬಿಯನ್ನು ಆ ಆಸ್ಪತ್ರೆಯವರು ತಮ್ಮ ಸೂಜಿಗಳೊಡನೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ನಿಮ್ಮ ಊರಿನಲ್ಲಿಯೂ ಆಸ್ಪತ್ರೆಯನ್ನೋ ರಕ್ತಪರೀಕ್ಷೆಯವರನ್ನೋ ವಿಚಾರಿಸಿನೋಡಿ. ಒಬ್ಬರು ಒಲ್ಲೆನೆಂದರೆ ಇನ್ನೊಬ್ಬರಿರುವರು.

ಆ ಹೆಂಗಸಿಗೆ ಎರಡು ಲಸಿಕೆಗಳಾಗಿವೆ. ಮೂರನೆಯದು ಮೊದಲನೆಯದಕ್ಕೆ ಆರು ತಿಂಗಳು ತುಂಬಿದಾಗ, ಎಂದರೆ ಬರುವ ತಿಂಗಳ ಎರಡನೆಯ ವಾರ. ಕೊನೆಯ ರಕ್ತಪರೀಕ್ಷೆಯೂ ಆಗಲೇ. ದಿನಾಂಕವನ್ನು ನಮ್ಮ ಗೋಡೆಯ ಪಂಚಾಂಗದಲ್ಲಿ ಕೆಂಪು ಮಸಿಯಿಂದ ಗುರುತುಮಾಡಿದ್ದೇವೆ. ಈಗ ಆಕೆಯು ಗಾಡಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಬೀದಿಗೆಲ್ಲ ಕೇಳುವಂತೆ, “ಮೇಷ್ಟ್ರೇ, ಕವರ್‌ನಾಗೆ ಸೂಜಿ ಇಲ್ಲ ತಾನೆ?” ಎಂದು ಕೂಗುತ್ತಾಳೆ. ನಾವು ಓದುತ್ತಿರುವ ಪುಸ್ತಕವನ್ನು ಕೆಳಗಿಟ್ಟು, ಬಾಗಿಲಿಗೆ ಹೋಗಿ, ಇಲ್ಲವಮ್ಮಾ ಎಂದು ಹೇಳಿದ ಮೇಲೆಯೇ ಆಕೆಯು ಕವರನ್ನು ಮುಟ್ಟುವುದು.